ನಾಲ್ಕು ಜನರ ಆರ್ಕೇಡ್: 134 ಸೆಂಟಿಮೀಟರಿಗೆ ಇಳಿದ ಪ್ಯಾನೆಲ್, ಮತ್ತು ಗೋಡೆಗೆ ಗುದ್ದುತ್ತಿದ್ದ ಎಲ್ಫ್

ಸಿಕ್ತು. ನಾಲ್ಕು ಜನ ಒಟ್ಟಿಗೆ ನಿಂತು ಆಡುವ ಆರ್ಕೇಡ್ ಕ್ಯಾಬಿನೆಟ್, ಅಂದರೆ ವಿಡಿಯೋ ಗೇಮ್ ಡಬ್ಬ, ಮನೆಯಲ್ಲೇ ಕಟ್ಟುತ್ತಿದ್ದೇನೆ. ಮೂರು ವಾರದಿಂದ ತಲೆ ತಿಂದ ಅದರ ಕಂಟ್ರೋಲ್ ಪ್ಯಾನೆಲ್ (ಸ್ಟಿಕ್, ಬಟನ್ ಕೂರುವ ಹಲಗೆ) ಲೆಕ್ಕ ನಿನ್ನೆ ರಾತ್ರಿ ಸರಿಹೋಯಿತು. ಇನ್ನೂ ಒಂದು ಹಲಗೆಯನ್ನೂ ಕೊಯ್ದಿಲ್ಲ, ಇರುವುದೆಲ್ಲ ರಟ್ಟು ಮತ್ತು ಮಾಸ್ಕಿಂಗ್ ಟೇಪ್. ಆದರೂ ಅರ್ಧ ಕೆಲಸ ಮುಗಿದಷ್ಟು ಖುಷಿ.

ಕಂಪ್ಯೂಟರ್, ಮೇಮ್ (ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ) ಸೆಟಪ್, ಸ್ಪೀಕರ್, ವೈರಿಂಗ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದೆಲ್ಲ ನಿಮಗೂ ಗೊತ್ತು, ನನಗೂ ತೊಂದರೆ ಕೊಟ್ಟಿಲ್ಲ. ತೊಂದರೆ ಕೊಟ್ಟಿದ್ದು ಒಂದೇ: ನಾಲ್ಕು ಜನ ಒಂದು ಪರದೆಯ ಮುಂದೆ ಹೇಗೆ ನಿಲ್ಲಬೇಕು?

ಮೊದಲು ಡಬ್ಬದ ಲೆಕ್ಕ. 32 ಇಂಚಿನ ಪರದೆ ತಗೊಂಡೆ. ಚಿತ್ರ ಬರುವ ಜಾಗ ಸುಮಾರು 71 ಸೆಂಟಿಮೀಟರ್ ಅಗಲ. ಹಳೆಯ ಆಟಗಳ ಚಿತ್ರದ ಅಗಲ-ಎತ್ತರದ ಅನುಪಾತ 4:3, ಹಾಗಾಗಿ ಎರಡೂ ಬದಿ ಕಪ್ಪು ಪಟ್ಟಿ ಬಿಟ್ಟರೆ ನಿಜವಾಗಿ ಸಿಗುವುದು 53 ಸೆಂಟಿಮೀಟರ್ ಅಗಲದ ಚಿತ್ರ, ಅಂದರೆ 26 ಇಂಚಿನ ಹಳೆಯ ಟಿವಿಯಷ್ಟು. ನಾಲ್ಕು ಜನಕ್ಕೆ ಅದಕ್ಕಿಂತ ಚಿಕ್ಕದು ಬೇಡ. 27 ಇಂಚಿನ ಪರದೆ ಹಾಕಿದ್ದರೆ ಚಿತ್ರ 22 ಇಂಚಿಗೆ ಇಳಿಯುತ್ತಿತ್ತು. ತುದಿಯಲ್ಲಿ ನಿಂತವರು ಓರೆಯಿಂದ ನೋಡುತ್ತಾರೆ, ಆದ್ದರಿಂದ ಓರೆಯಿಂದಲೂ ಬಣ್ಣ ಸರಿಯಾಗಿ ಕಾಣುವ ಐಪಿಎಸ್ ಬಗೆಯ ಪರದೆಯೇ ಆಗಬೇಕು. ಟಿಎನ್ ಬಗೆಯದಾದರೆ ಪಕ್ಕದಿಂದ ಬಣ್ಣ ಸತ್ತುಹೋಗುತ್ತದೆ.

ಪರದೆಯ ಅಂಚು, ಎರಡು ಬದಿಯ ಹಲಗೆ ಸೇರಿಸಿದರೆ ಡಬ್ಬದ ಹೊರ ಅಗಲ 77. ಕೋಣೆಯ ಬಾಗಿಲು 76. ಈ ಒಂದು ಸೆಂಟಿಮೀಟರಿಗಾಗಿ ಎರಡು ಸಂಜೆ ಒದ್ದಾಡಿದೆ, ಪರದೆಯ ಚೌಕಟ್ಟು ಬಿಚ್ಚುವ ಯೋಚನೆಯೂ ಬಂತು. ಆಮೇಲೆ ಹೊಳೆಯಿತು. ಡಬ್ಬದ ಆಳ 60 ಮಾತ್ರ. ಬಾಗಿಲಿಗೆ ಅದನ್ನು ಎದುರು ಮುಖ ಮಾಡಿ ತಳ್ಳಬೇಕು ಅಂತ ಯಾರು ಹೇಳಿದರು? ಪಡಸಾಲೆ 90 ಅಗಲ ಇದೆ, ಅಲ್ಲಿ 77 ಅಡ್ಡಡ್ಡ ಆರಾಮಾಗಿ ಕೂರುತ್ತದೆ, ಅಲ್ಲಿಂದ ತಿರುಗಿಸದೆ ಸುಮ್ನೆ ಪಕ್ಕಕ್ಕೆ ಜಾರಿಸಿದರೆ 60ರ ಬದಿ ಬಾಗಿಲಲ್ಲಿ ನುಸುಳುತ್ತದೆ. ತಿರುಗಿಸಲು ಹೋದರೆ ಮಾತ್ರ ಕಷ್ಟ, ಏಕೆಂದರೆ ಮೂಲೆಯಿಂದ ಮೂಲೆಗೆ 97 ದಾಟುತ್ತದೆ. ಕಂಟ್ರೋಲ್ ಪ್ಯಾನೆಲ್ ಬಿಚ್ಚುವಂತೆ ಇದ್ದರೆ ಇಷ್ಟು ಸಾಕು. ನಾಲ್ಕು ಬೋಲ್ಟ್, ಎರಡು ಗೂಟ, ಒಂದು ಕನೆಕ್ಟರ್.

ಈಗ ಅಸಲು ವಿಷಯ, ಪ್ಯಾನೆಲ್.

ಒಬ್ಬರು ಆರಾಮಾಗಿ ನಿಂತು ಆಡಲು 45 ಸೆಂಟಿಮೀಟರ್ ಬೇಕು. ನಾಲ್ಕು ಜನಕ್ಕೆ 180. ಅದು ಆರ್ಕೇಡ್ ಅಲ್ಲ, ಊಟದ ಮೇಜು. 37ಕ್ಕೆ ಇಳಿಸಿದೆ, 148 ಬಂತು. ರಟ್ಟಿನಲ್ಲಿ ಕತ್ತರಿಸಿ, ಇಸ್ತ್ರಿ ಮೇಜಿನ ಮೇಲಿಟ್ಟು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದೆ. ಕೈಗೆ ಜಾಗ ಸಾಕಾಯಿತು, ಭುಜಕ್ಕೆ ಸಾಲಲಿಲ್ಲ. ಮಧ್ಯದ ಇಬ್ಬರು ಮೀನಿನ ಡಬ್ಬಿಯಲ್ಲಿದ್ದಂತೆ ನಿಂತಿದ್ದರು. ಹೊರಗಿನ ಇಬ್ಬರು ತಾವಾಗಿಯೇ ಹಿಂದೆ ಸರಿದು ಓರೆಯಾಗಿ ನಿಂತರು.

ಅದನ್ನು ನೋಡಿದ ಮೇಲೆ ಉತ್ತರ ಕಣ್ಣೆದುರೇ ಇತ್ತು ಅನ್ನಿಸಿತು. ಜನ ಹೇಗೂ ಓರೆಯಾಗಿ ನಿಲ್ಲುತ್ತಾರೆ, ಹಲಗೆಯನ್ನೇ ಹಾಗೆ ಕೊಯ್ಯೋಣ. ಮುಂದಿನ ಅಂಚು 72, ಅದು ಮಧ್ಯದ ಇಬ್ಬರಿಗೆ. ಎರಡೂ ಕಡೆ 38ರ ಓರೆ ಅಂಚು, 35 ಡಿಗ್ರಿ ಹಿಂದಕ್ಕೆ ವಾಲಿಸಿದ್ದು, ಅದು ಹೊರಗಿನವರಿಗೆ. ಒಟ್ಟು ಅಗಲ 134. ಸಾಲಾಗಿ ನಿಲ್ಲಿಸಿದ್ದಕ್ಕಿಂತ ಕಡಿಮೆ, ಆದರೂ ಜಾಗ ಜಾಸ್ತಿ. ಏಕೆಂದರೆ ಜನ ಬೀಸಣಿಗೆಯ ಕಡ್ಡಿಗಳ ಹಾಗೆ ನಿಲ್ಲುತ್ತಾರೆ: ಕೈಗಳು ಹತ್ತಿರ, ಬೆನ್ನುಗಳು ದೂರ. 35 ಡಿಗ್ರಿಯೂ ಸುಮ್ನೆ ಇಟ್ಟಿದ್ದಲ್ಲ. ಹೊರಗಿನವರ ಕೈ ಇರುವ ಜಾಗದಿಂದ ಪರದೆಯ ಮಧ್ಯಕ್ಕೆ ದಾರ ಕಟ್ಟಿ ಅಳೆದಾಗ ಬಂದ ಕೋನ ಅದು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆಮೇಲೆ ಎಲ್ಫ್ ಗೋಡೆಗೆ ಗುದ್ದಿದ.

1985ರ ಅಟಾರಿ ಕಂಪನಿಯ ಗಾಂಟ್ಲೆಟ್ ಆಟ ಈ ಯೋಜನೆಯ ಮೂಲ ಕಾರಣ. ನಾಲ್ಕು ಸ್ಟಿಕ್ (ಜಾಯ್‌ಸ್ಟಿಕ್), ನಾಲ್ಕು ಬಣ್ಣದ ನಾಲ್ಕು ಪಾತ್ರ: ಕೆಂಪು ವಾರಿಯರ್, ನೀಲಿ ವಾಲ್ಕಿರಿ, ಹಳದಿ ವಿಜರ್ಡ್, ಹಸಿರು ಎಲ್ಫ್. ಇರುವ ಒಂದೇ ಸ್ಟಿಕ್ಕನ್ನು ರಟ್ಟಿನ ಓರೆ ಅಂಚಿಗೆ ಬಿಗಿದು, ಎಲ್ಫ್‌ಗೆ ಜೋಡಿಸಿ, ಮಗಳ ಕೈಗೆ ಕೊಟ್ಟೆ. ಸ್ಟಿಕ್ಕನ್ನು ಅಂಚಿಗೆ ಸಮನಾಗಿ ಇಟ್ಟಿದ್ದೆ, ಅಂದರೆ ಅದೂ 35 ಡಿಗ್ರಿ ತಿರುಗಿತ್ತು. ಅವಳು ಮೇಲಕ್ಕೆ ತಳ್ಳಿದಳು. ಎಲ್ಫ್ ಓರೆಯಾಗಿ ಹೋಗಿ ಗೋಡೆಗೆ ಅಂಟಿಕೊಂಡ. ಮತ್ತೆ ತಳ್ಳಿದಳು. ಮತ್ತೆ ಗೋಡೆ. ಪಿಶಾಚಿಗಳು ಸುತ್ತಲೂ ಬಂದು ಮುತ್ತಿಕೊಂಡವು. "ಅಪ್ಪಾ, ಇದು ಕೆಟ್ಟಿದೆ" ಅಂದಳು.

ಕೆಟ್ಟಿರಲಿಲ್ಲ. ಕಣ್ಣು ಪರದೆಯ ಮೇಲಿದ್ದಾಗ ಕೈ ತಳ್ಳುವುದು ಪರದೆಯ 'ಮೇಲೆ' ಕಡೆಗೆ. ಸ್ಟಿಕ್ಕಿಗೆ ಅದು ಗೊತ್ತಿಲ್ಲ. ಅದರ 'ಮೇಲೆ' ಅಂಚಿನ ಜೊತೆ ತಿರುಗಿಬಿಟ್ಟಿದೆ. ಲೆಕ್ಕ ಹಾಕಿ ನೋಡಿ: ಎಂಟು ದಿಕ್ಕಿನ ಸ್ಟಿಕ್ಕಿನಲ್ಲಿ ಒಂದೊಂದು ದಿಕ್ಕಿಗೆ 45 ಡಿಗ್ರಿಯ ಪಾಲು. ನೇರ ಮೇಲಿನಿಂದ ಆ ಕಡೆ ಈ ಕಡೆ 22.5 ಡಿಗ್ರಿವರೆಗೆ ಕೈ ತಪ್ಪಿದರೂ ಅದು 'ಮೇಲೆ' ಅಂತಲೇ ಓದುತ್ತದೆ. ಅದನ್ನು ದಾಟಿದರೆ ಓರೆ. ನಾನು ತಿರುಗಿಸಿದ್ದು 35. ಅಂದರೆ ಕೈ ಸರಿಯಾಗಿ ತಳ್ಳಿದಷ್ಟೂ ತಪ್ಪು ಗ್ಯಾರಂಟಿ!

ಹಾಗಾದರೆ ಅಂಚಿನ ಕೋನವನ್ನೇ 20ಕ್ಕೆ ಇಳಿಸಿದರೆ? ಅದನ್ನೂ ಕತ್ತರಿಸಿ ನೋಡಿದೆ. ಎಲ್ಫ್ ನೇರ ನಡೆದ, ಆದರೆ ಭುಜಗಳು ಮತ್ತೆ ಡಿಕ್ಕಿ. 28? ಎರಡೂ ಅರ್ಧಂಬರ್ಧ. ಐದು ರಟ್ಟು ಹಾಳಾದವು. ಆರನೆಯದನ್ನು ಕತ್ತರಿಸುವ ಮೊದಲು ಕುಳಿತು ಯೋಚಿಸಿದಾಗ ಗೊತ್ತಾಯಿತು: ಮೈ ತಿರುಗಬೇಕು, ಸ್ಟಿಕ್ ತಿರುಗಬಾರದು. ಎರಡನ್ನೂ ಒಂದೇ ಕೋನಕ್ಕೆ ಕಟ್ಟಿದ್ದೇ ತೊಂದರೆ. ಬಿಡಿಸಿಬಿಟ್ಟರಾಯಿತು.

ಈಗ ಹೀಗಿದೆ. ಹಲಗೆಯ ಅಂಚು 35 ಡಿಗ್ರಿ. ಬಟನ್‌ಗಳ ಗುಂಪೂ ಅಂಚಿನ ಜೊತೆಗೇ 35 ಡಿಗ್ರಿ ತಿರುಗಿದೆ, ಏಕೆಂದರೆ ಬಟನ್‌ಗೆ ದಿಕ್ಕಿಲ್ಲ, ಬೆರಳಿಗೆ ಆರಾಮಾದರೆ ಸಾಕು. ಸ್ಟಿಕ್ ಮಾತ್ರ ಪರದೆಗೆ ನೇರ. ಮೇಲಿನಿಂದ ನೋಡಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ, ಸ್ಟಿಕ್ಕಿನ ತುದಿಯ ಉಂಡೆ ಹೇಗೆ ತಿರುಗಿಸಿದರೂ ಉಂಡೆಯೇ. ಕೆಳಗೆ ಮಾತ್ರ ಸ್ಟಿಕ್ಕನ್ನು ಹಲಗೆಗೆ ಬಿಗಿಯುವ ತಗಡು ಅಂಚಿಗೆ ಓರೆಯಾಗಿ ಕೂರುತ್ತದೆ, ಅದರ ಒಂದು ಮೂಲೆ ಅಂಚಿನ ಪಟ್ಟಿಗೆ ತಾಗುತ್ತಿತ್ತು, ಸ್ಟಿಕ್ಕನ್ನು 2 ಸೆಂಟಿಮೀಟರ್ ಒಳಗೆ ಸರಿಸಿದೆ.

ತಗಡನ್ನು ಬೇಕಾದ ಕೋನಕ್ಕೆ ತಿರುಗಿಸುವಂತೆ ಬಿಗಿದು, 35, 15, 0 ಮೂರರಲ್ಲೂ ಎಲ್ಲರನ್ನೂ ಆಡಿಸಿದೆ. ಕೋನ ಎಷ್ಟು ಅಂತ ಹೇಳಲಿಲ್ಲ. 35ರಲ್ಲಿ ಎಲ್ಲರೂ ಬೈದರು. 15ರಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. 0ಯಲ್ಲಿ ಅಣ್ಣನ ಮಗನಿಗೆ ಮೊದಲ ಒಂದೆರಡು ನಿಮಿಷ ಕೈ ತಡವರಿಸಿತು, ಅವನು ತನ್ನ ಎದೆಯಿಂದ ಮುಂದಕ್ಕೆ ತಳ್ಳುವವನು. ಆಮೇಲೆ ಅವನೂ ಹೊಂದಿಕೊಂಡ. ನಾನು 0 ಇಟ್ಟಿದ್ದೇನೆ. ನೀವು 10 ಇಟ್ಟರೂ ನನ್ನ ತಕರಾರಿಲ್ಲ. ಆದರೆ 22ರ ಹತ್ತಿರ ಮಾತ್ರ ಹೋಗಬೇಡಿ.

ದೊಡ್ಡ ಕಂಪನಿಗಳೂ ಇದೇ ಅಗಲದ ಜೊತೆ ಗುದ್ದಾಡಿವೆ. ಕೊನಾಮಿ 1992ರಲ್ಲಿ ಆರು ಜನರ ಎಕ್ಸ್-ಮೆನ್ ಮಾಡಿದಾಗ ಎರಡು ಪರದೆ ಜೋಡಿಸಿ ಚಿತ್ರವನ್ನೇ ಅಗಲ ಮಾಡಿದರು. ಎಷ್ಟು ಚಂದದ ಉಪಾಯ ಅಲ್ವಾ! ಪರದೆ ಅಷ್ಟು ಅಗಲ ಇದ್ದರೆ ಯಾರೂ ಓರೆಯಾಗಿ ನಿಲ್ಲಬೇಕಾಗಿಲ್ಲ. ನನ್ನ ಬಾಗಿಲು ಅದಕ್ಕೆ ಒಪ್ಪುವುದಿಲ್ಲ.

ಇನ್ನೊಂದು ಗಂಟು, ಯಾರು ಎಲ್ಲಿ ನಿಲ್ಲಬೇಕು ಅನ್ನುವುದು. ಇಬ್ಬರೇ ಆಡುವಾಗ ಮಧ್ಯದ ಜಾಗ ಬೇಕು, ಅಂದರೆ ಆಟಗಾರರ ಸಂಖ್ಯೆ ಎಡದಿಂದ 3-1-2-4. ಆದರೆ 1989ರ ಟರ್ಟಲ್ಸ್ ಆಟದಲ್ಲಿ ಅಂಕಗಳು ಪರದೆಯ ಮೇಲ್ಭಾಗದಲ್ಲಿ 1-2-3-4 ಅಂತ ಸಾಲಾಗಿ ಇರುತ್ತವೆ. 1993ರ ಎನ್‌ಬಿಎ ಜಾಮ್ ಎಂಬ ಬಾಸ್ಕೆಟ್‌ಬಾಲ್ ಆಟದಲ್ಲಿ 1-2 ಒಂದು ತಂಡ, 3-4 ಇನ್ನೊಂದು ತಂಡ. 3-1-2-4 ಇಟ್ಟರೆ ಒಂದೇ ತಂಡದವರ ಮಧ್ಯೆ ಎದುರಾಳಿ ಬಂದು ನಿಲ್ಲುತ್ತಾನೆ! ವೈರನ್ನು 3-1-2-4 ಅಂತಲೇ ಹಾಕಿ, ನಾಲ್ಕು ಜನರ ಆಟಗಳಿಗೆ ಮಾತ್ರ ಮೇಮ್‌ನ ಟ್ಯಾಬ್ ಮೆನುವಿನಲ್ಲಿ ಆಟವಾರು ಕೀಲಿ ಬದಲಿಸುತ್ತೇನೆ. ಒಮ್ಮೆ ಮಾಡಿದರೆ ನೆನಪಿಟ್ಟುಕೊಳ್ಳುತ್ತದೆ. ಇದಕ್ಕೇ ನಾಲ್ಕು ಅಗ್ಗದ ಯುಎಸ್‌ಬಿ ಬೋರ್ಡ್ ಬಿಟ್ಟು ಕೀಬೋರ್ಡಿನಂತೆ ಕೆಲಸ ಮಾಡುವ ಒಂದೇ ಎನ್‌ಕೋಡರ್ (ಸ್ಟಿಕ್, ಬಟನ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಬೋರ್ಡ್), ಐ-ಪ್ಯಾಕ್ 4, ತಗೊಳ್ಳುತ್ತಿದ್ದೇನೆ. ಒಂದೇ ಹೆಸರಿನ ನಾಲ್ಕು ಬೋರ್ಡ್ ಹಾಕಿದರೆ ಮರುಚಾಲೂ ಮಾಡಿದಾಗ ಯಾವುದು ಮೊದಲು, ಯಾವುದು ಕೊನೆ ಅಂತ ಅದಲುಬದಲಾಗುತ್ತದೆ. ಐ-ಪ್ಯಾಕ್ 4ರಲ್ಲಿ 56 ಇನ್‌ಪುಟ್ ಇವೆ. ಮಧ್ಯದವರಿಗೆ ಆರು ಬಟನ್, ಹೊರಗಿನವರಿಗೆ ನಾಲ್ಕು, ಎಲ್ಲರಿಗೂ ಸ್ಟಾರ್ಟ್ ಮತ್ತು ಕಾಯಿನ್, ನಾಲ್ಕು ದಿಕ್ಕು. ಒಟ್ಟು 44. ಪಿನ್‌ಬಾಲ್ ಬಟನ್‌ಗೂ ಜಾಗ ಉಳಿಯಿತು.

ಈಗ ಸಾಮಾನು ತರಿಸಿದ ಕಥೆ. 18 ಮಿಲಿಮೀಟರ್ ಪ್ಲೈವುಡ್ ಕೇಳಿದ್ದೆ. ಬಂದದ್ದು ಕ್ಯಾಲಿಪರ್‌ನಲ್ಲಿ 16.8. ಫೋನ್ ಮಾಡಿದರೆ "ಅದೇ 18, ಎಲ್ಲರೂ ಅದನ್ನೇ ತಗೊಳ್ಳುತ್ತಾರೆ" ಅಂದರು. ನನ್ನ ಟಿ ಮೋಲ್ಡಿಂಗ್ (ಹಲಗೆಯ ಅಂಚು ಮುಚ್ಚುವ ಪ್ಲಾಸ್ಟಿಕ್ ಪಟ್ಟಿ) ನಿಜವಾದ 18. ಎರಡೂ ಕಡೆ 0.6 ಮಿಲಿಮೀಟರ್ ಹೊರಗೆ ಚಾಚುತ್ತದೆ, ಅರ್ಧ ಗಂಟೆ ಆಡಿದರೆ ಮಣಿಕಟ್ಟಿನ ಮೇಲೆ ಗೆರೆ ಬೀಳುತ್ತದೆ. ಪ್ಯಾನೆಲ್ಲಿನ ಮೇಲೆ ಚಿತ್ರದ ಹಾಳೆ, ಅದರ ಮೇಲೆ ತೆಳು ಅಕ್ರಿಲಿಕ್ ಹೇಗೂ ಬರುತ್ತದೆ, ಹಾಗಾಗಿ ಮೇಲಿನ ಚಾಚು ಮುಚ್ಚಿಹೋಗುತ್ತದೆ. ಕೆಳಗಿನದನ್ನು ಚಾಕುವಿನಿಂದ ಕೆರೆಯಬೇಕು. ಬಟನ್ ಕಥೆಯೂ ಹಾಗೆಯೇ. 30 ಮಿಲಿಮೀಟರ್ ಅಂತ ಬರೆದಿದ್ದ ಚೀಲದಲ್ಲಿ 28ರವು ಇದ್ದವು. ಇನ್ನೂ ತೂತು ಕೊರೆದಿರಲಿಲ್ಲ, ಬಚಾವ್. ದಯವಿಟ್ಟು ಬಟನ್ ಕೈಗೆ ಬಂದು, ಅಳೆದು ಆದ ಮೇಲೆ ಮಾತ್ರ ಡ್ರಿಲ್ ಮುಟ್ಟಿ.

ಒಂದು ಚಿಂತೆ ಉಳಿದಿದೆ. ಡಬ್ಬ 77, ಪ್ಯಾನೆಲ್ 134. ಎರಡೂ ಕಡೆ 28 ಸೆಂಟಿಮೀಟರಿಗೂ ಜಾಸ್ತಿ ಗಾಳಿಯಲ್ಲಿ. ಹುಡುಗರು ತುದಿಗೆ ಒರಗದೆ ಬಿಡುವುದಿಲ್ಲ. ಹಳೆಯ ಕ್ಯಾಬಿನೆಟ್‌ಗಳಲ್ಲಿ ಸಿಆರ್‌ಟಿ (ಹಳೆಯ ಟಿವಿಗಳಂಥ ದಪ್ಪ ಗಾಜಿನ) ಪರದೆಯ ಭಾರವೇ ಲಂಗರು, ಈಗಿನ ಪರದೆ ಹಗುರ. ತಳಕ್ಕೆ ಎರಡು ಮರಳಿನ ಚೀಲ ಇಡುತ್ತೇನೆ, ಜೊತೆಗೆ ಎರಡೂ ಬದಿ ಹೊರಗೆ ಎಳೆಯುವ ಮಡಚು ಕಾಲು. ಕಾಲು ಆಟಗಾರರ ಪಾದಕ್ಕೆ ಸಿಗಬಾರದು, ಅದನ್ನು ಇನ್ನೂ ರಟ್ಟಿನಲ್ಲಿ ನೋಡಬೇಕು.

ಇದರ ಮಧ್ಯೆಯೇ ಮುಂದಿನದು ತಲೆಯಲ್ಲಿ ಕೂತಿದೆ: ಕಾಕ್‌ಟೇಲ್ ಟೇಬಲ್. ಪರದೆ ಮೇಲ್ಮುಖ, ಸುತ್ತ ಕುರ್ಚಿ, ಎದುರಿನವರ ಸರದಿ ಬಂದಾಗ ಚಿತ್ರ ತಲೆಕೆಳಗಾಗಿ ತಿರುಗುತ್ತದೆ. ಅಲ್ಲಿ ಸ್ಟಿಕ್ಕಿನ 'ಮೇಲೆ' ಯಾವ ಕಡೆ ಅನ್ನುವ ಜಗಳವೇ ಇಲ್ಲ, ಇಬ್ಬರಿಗೂ ಅವರವರ ಎದುರೇ 'ಮೇಲೆ'. ನಾಲ್ಕು ಬದಿಗೆ ನಾಲ್ಕು ಜನ ಕೂರಿಸಿದರೆ? ಪಕ್ಕದ ಇಬ್ಬರಿಗೆ 90 ಡಿಗ್ರಿ. ಬೇಡ, ಈಗ ಅದನ್ನು ಶುರು ಮಾಡಿದರೆ ಇದು ಮುಗಿಯುವುದಿಲ್ಲ.

ಶನಿವಾರ ಪ್ಲೈವುಡ್ ಕೊಯ್ಯುತ್ತೇನೆ. ಪ್ಯಾನೆಲ್ ಮೊದಲು, ಡಬ್ಬ ಆಮೇಲೆ. ಪ್ಯಾನೆಲ್ ನೆಲದಿಂದ 96 ಸೆಂಟಿಮೀಟರ್ ಎತ್ತರ ಅಂತ ಬರೆದುಕೊಂಡಿದ್ದೆ, ಮಗಳು ಅದನ್ನು ಹೊಡೆದುಹಾಕಿ ಪಕ್ಕದಲ್ಲಿ 90 ಅಂತ ಬರೆದಿದ್ದಾಳೆ. ಅವಳಿಗೊಂದು ಮಣೆ ಮಾಡಿಕೊಡುತ್ತೇನೆ, ಉಳಿದ ತುಂಡಿನಲ್ಲಿ.