ಸಣ್ಣ ನಾಳ, ದೊಡ್ಡ ಅಪಾಯ

ಅಮ್ಮನ ಎಂಆರ್‌ಐ ರಿಪೋರ್ಟ್‌ನಲ್ಲಿ ‘ಸ್ಮಾಲ್ ವೆಸೆಲ್ ಡಿಸೀಸ್’ ಅಂತ ಇತ್ತು, ಅಂದರೆ ಮಿದುಳಿನ ಸಣ್ಣ ರಕ್ತನಾಳಗಳ ಕಾಯಿಲೆ. ಆಗಿನಿಂದ ಅದರ ಬಗ್ಗೆಯೇ ಓದುತ್ತಿದ್ದೇನೆ.

ಮಿದುಳಿನ ಆಳಕ್ಕೆ ರಕ್ತ ಒಯ್ಯುವುದು ತೀರಾ ಸಪೂರ ನಾಳಗಳು. ಬಿಪಿ ವರ್ಷಗಟ್ಟಲೆ ಜಾಸ್ತಿ ಇದ್ದರೆ ಅವುಗಳ ಗೋಡೆ ದಪ್ಪಗಾಗಿ ಗಡುಸಾಗುತ್ತದೆ. ಸ್ಕ್ಯಾನ್‌ನಲ್ಲಿ ಕಾಣುವ ಬಿಳಿ ಮಚ್ಚೆಗಳು ಅದರ ಗುರುತು. ವಯಸ್ಸಾದವರಲ್ಲಿ ಒಂದಿಷ್ಟು ಇರುವುದು ಸಾಮಾನ್ಯ, ಸುಮ್ನೆ ಗಾಬರಿ ಬೇಡ. ಆದರೆ ಮಚ್ಚೆ ಹೆಚ್ಚಿದಷ್ಟೂ ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು. ರಕ್ತನಾಳ ಕಟ್ಟಿಕೊಂಡು ಆಗುವ ಪಾರ್ಶ್ವವಾಯುಗಳಲ್ಲಿ ಸುಮಾರು ಕಾಲು ಭಾಗ ಈ ಸಣ್ಣ ನಾಳಗಳದ್ದೇ.

ನಡಿಗೆ ನಿಧಾನ, ಯೋಚನೆ ನಿಧಾನ, ಯಾವುದರಲ್ಲೂ ಆಸಕ್ತಿ ಇಲ್ಲ. ಇದನ್ನೆಲ್ಲ ನಾವು ‘ವಯಸ್ಸಾಯ್ತು’ ಅಂತ ಬಿಟ್ಟುಬಿಡುತ್ತೇವೆ, ಅಲ್ವಾ? ಕೆಲವರಲ್ಲಿ ಅದು ಈ ಕಾಯಿಲೆಯೇ ಆಗಿರಬಹುದು. ಇದು ನನ್ನನ್ನು ತುಂಬಾ ಕಾಡುತ್ತಿದೆ.

ಸಮಾಧಾನದ ಸಂಗತಿಯೂ ಇದೆ. 2019ರಲ್ಲಿ ಪ್ರಕಟವಾದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ, ಮೇಲಿನ ಬಿಪಿಯನ್ನು 140ರ ಬದಲು 120ಕ್ಕಿಂತ ಕೆಳಗಿಳಿಸುವ ಗುರಿಯಿಟ್ಟು ಚಿಕಿತ್ಸೆ ಕೊಟ್ಟವರಲ್ಲಿ ಬಿಳಿ ಮಚ್ಚೆ ಬೆಳೆದದ್ದು ಕಡಿಮೆ. ಯಾರಿಗೆ ಎಷ್ಟಿರಬೇಕು ಅನ್ನುವುದನ್ನು ಅವರವರ ಡಾಕ್ಟರೇ ಹೇಳಬೇಕು. ಧೂಮಪಾನ ಬಿಡುವುದು, ಶುಗರ್ ಹತೋಟಿ, ನಡಿಗೆ ಇವೂ ಮುಖ್ಯ.

ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಅದು ಪಾರ್ಶ್ವವಾಯು ಇರಬಹುದು, ಕಾಯಲೇಬೇಡಿ. ತಾನಾಗಿಯೇ ಸರಿಹೋದರೂ ತಕ್ಷಣ ಆಸ್ಪತ್ರೆಗೆ ಹೋಗಿ.