ಸ್ಟೇರಿಂಗ್ ಆಟ ಎಲ್ಲಿಂದ ಬರುತ್ತಿತ್ತು?

ಭಾನುವಾರ, 16 ಮಾರ್ಚ್ 2025

ಹಳೇ ಕಾರಿನ ಸ್ಟೇರಿಂಗ್ ಕೆಲವು ದಿನಗಳಿಂದ ಸಡಿಲವಾಗಿತ್ತು, ಅಂದರೆ ಅದರಲ್ಲಿ ಆಟ (ಸಡಿಲ ಅಲುಗಾಟ) ಬಂದಿತ್ತು. ನೇರ ರಸ್ತೆಯಲ್ಲೂ ಕೈ ಸುಮ್ನೆ ಇರುವ ಹಾಗಿಲ್ಲ, ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿದ್ದುತ್ತಲೇ ಇರಬೇಕು. ಗ್ಯಾರೇಜಿನಲ್ಲಿ ಕೇಳಿದರೆ, ಕಾರಿನ ಕೆಳಗೆ ಬಗ್ಗಿಯೂ ನೋಡದೆ ‘ರ್ಯಾಕ್ ಪೂರ್ತಿ ಬದಲಾಯಿಸಿ’ ಅಂದರು. ನನಗೆ ಬೇಸರವಾಯಿತು. ರ್ಯಾಕ್ ಅಂದರೆ ಸ್ಟೇರಿಂಗ್ ತಿರುಗಿದಾಗ ಚಕ್ರಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಭಾಗ, ತುಂಬಾ ದುಬಾರಿ. ಸವೆದಿರುವುದು ಅದರ ತುದಿಯಲ್ಲಿರುವ ಸಣ್ಣ ಜಾಯಿಂಟ್ ಆಗಿರಬಹುದು, ಅಲ್ವಾ? ಇವತ್ತು ತಮ್ಮನನ್ನು ಕರೆದುಕೊಂಡು ನಾನೇ ನೋಡಲು ಕೂತೆ.

ಮೊದಲು ಟೈರ್ ಗಾಳಿ. ಅದು ಕಮ್ಮಿ ಇದ್ದರೂ ಕಾರು ತೇಲಿದ ಹಾಗೆ ಹೋಗುತ್ತದೆ. ನಮ್ಮದು ಸರಿಯಿತ್ತು.

ಆಮೇಲೆ ಚಕ್ರಗಳು ನೆಲದ ಮೇಲಿರುವಾಗಲೇ ತಮ್ಮ ಒಳಗೆ ಕೂತು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಚೂರು ಚೂರು ಆಡಿಸಿದ. (ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಹಾಕಿರಬೇಕು.) ನಾನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದೆ. ಕಾಲಂನ (ಸ್ಟೇರಿಂಗ್‌ನಿಂದ ಕೆಳಗೆ ರ್ಯಾಕ್ ಕಡೆಗೆ ಇಳಿಯುವ ಕಂಬ) ಕೆಳಗಿನ ಜಾಯಿಂಟ್ ಸವೆದಿದ್ದರೆ ಮೇಲಿನ ಶಾಫ್ಟ್ ತಿರುಗಿದ ಮೇಲೆ ಕೆಳಗಿನದು ತಡವಾಗಿ ತಿರುಗುತ್ತದೆ. ಇಲ್ಲಿ ಎರಡೂ ಒಟ್ಟಿಗೇ ತಿರುಗಿದವು. ರ್ಯಾಕ್ ಹಿಡಿದಿರುವ ಬುಶ್ (ರಬ್ಬರ್ ಮೆತ್ತೆ) ಹೋಗಿದ್ದರೆ ಇಡೀ ರ್ಯಾಕ್ ಪಕ್ಕಕ್ಕೆ ಜರುಗುತ್ತದೆ. ಅದೂ ಅಲುಗಲಿಲ್ಲ. ಎಡಗಡೆಯ ಟೈ ರಾಡ್ ಎಂಡ್ (ರ್ಯಾಕ್‌ನಿಂದ ಚಕ್ರಕ್ಕೆ ಹೋಗುವ ರಾಡ್‌ನ ತುದಿಯ ಜಾಯಿಂಟ್) ಮೇಲೆ ಬೆರಳಿಟ್ಟಾಗ ಮಾತ್ರ ಟಕ್ ಟಕ್ ಎಂದು ಸ್ಪಷ್ಟವಾಗಿ ತಗುಲಿತು. ರಾಡ್ ಅಲುಗುತ್ತಿದೆ, ಅದು ಜೋಡಿಸಿಕೊಂಡಿರುವ ಚಕ್ರದ ಆರ್ಮ್ ಅಲುಗುತ್ತಿಲ್ಲ. ರಬ್ಬರ್ ಬೂಟ್ ಹರಿದು ಗ್ರೀಸ್ ಒಣಗಿತ್ತು.

ಖಾತ್ರಿ ಮಾಡಿಕೊಳ್ಳಲು ಮುಂದಿನ ಭಾಗ ಜಾಕ್ ಮಾಡಿ ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಲೇಬಾರದು. ಗಡಿಯಾರದ 9 ಮತ್ತು 3 ಇರುವ ಜಾಗದಲ್ಲಿ ಚಕ್ರ ಹಿಡಿದು ಅಲುಗಿಸಿದಾಗ ಆಟ ಇತ್ತು. 12 ಮತ್ತು 6ರಲ್ಲಿ ಇರಲಿಲ್ಲ. ಅಲ್ಲಿಯೂ ಇದ್ದಿದ್ದರೆ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಕೀಲು) ಅಥವಾ ಬೇರಿಂಗ್ ಮೇಲೆ ಅನುಮಾನ ಪಡಬೇಕಿತ್ತು. ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತರೆ ಬೇರಿಂಗ್ ಎಂದೇ ಹೆಚ್ಚಿನ ಅನುಮಾನ.

ಹೊಸ ಟೈ ರಾಡ್ ಎಂಡ್ ಹಾಕುವುದು ಕಷ್ಟದ ಕೆಲಸವಲ್ಲ. ಲಾಕ್ ನಟ್ ಇದ್ದ ಜಾಗಕ್ಕೆ ಗುರುತು ಹಾಕಿದೆ. ಜಾಯಿಂಟ್‌ನ ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು, ನಟ್ ಸಡಿಲಿಸಿ, ಆರ್ಮ್‌ನ ಪಕ್ಕಕ್ಕೆ ಸುತ್ತಿಗೆಯಿಂದ ಹೊಡೆದಾಗ ಹಿಡಿತ ಬಿಟ್ಟಿತು. ಹಳೆಯದನ್ನು ಬಿಚ್ಚುವಾಗ ಸುತ್ತು ಎಣಿಸಿಕೊಂಡು, ಹೊಸದನ್ನೂ ಅಷ್ಟೇ ಸುತ್ತು ತಿರುಗಿಸಿದೆ. ಸ್ಪ್ಲಿಟ್ ಪಿನ್ ಹೊಸದೇ ಹಾಕಿದೆ, ಹಳೆಯದನ್ನು ಮತ್ತೆ ಬಳಸಬಾರದು. ಬಲಗಡೆಯದು ಗಟ್ಟಿಯಾಗಿತ್ತು, ಅದನ್ನು ಮುಟ್ಟಲಿಲ್ಲ.

ರ್ಯಾಕ್‌ನಲ್ಲಿರುವ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡಿಬಿಡೋಣ ಎಂದು ತಮ್ಮ ಹೇಳುತ್ತಲೇ ಇದ್ದ. ನಾನು ಬಿಡಲಿಲ್ಲ. ಸವೆದ ಜಾಯಿಂಟ್ ಅದರಿಂದ ಸರಿ ಹೋಗುವುದಿಲ್ಲ. ಜಾಸ್ತಿ ಬಿಗಿ ಮಾಡಿದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದೇ ಇಲ್ಲ. ಅದು ಸಡಿಲಕ್ಕಿಂತ ಅಪಾಯ.

ಆಟ ಈಗ ಹೋಗಿದೆ. ಸುತ್ತು ಎಷ್ಟೇ ಸರಿಯಾಗಿ ಎಣಿಸಿದರೂ ಚಕ್ರದ ಕೋನ ಸ್ವಲ್ಪ ಬದಲಾಗಿರುತ್ತದೆ, ಬಿಟ್ಟರೆ ಟೈರ್ ಬೇಗ ಸವೆಯುತ್ತದೆ. ನಾಳೆ ನಿಧಾನವಾಗಿ ಓಡಿಸಿಕೊಂಡು ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು.