‘ಇದು ಟಿವಿಯಲ್ಲಿ ಬಂದ ಕಥೆ ಅಲ್ವಾ?’ ಎಂದು ಕೇಳುವವರಿಗೆ

ಇಲ್ಲ, ಕದ್ದಿಲ್ಲ. ಯಾರೂ ಯಾರದನ್ನೂ ಕದ್ದಿಲ್ಲ.

ಬಾಗಲಕೋಟೆ ನವನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳ ಪುಸ್ತಕ ಇಟ್ಟಿದ್ದೇನೆ. ಸುತ್ತಲಿನ ಮಕ್ಕಳು ಬಂದು ಒಯ್ಯುತ್ತಾರೆ, ಓದಿ ತಂದುಕೊಡುತ್ತಾರೆ. ಅವರ ಹಿಂದೆ ಬರುವ ಅಪ್ಪ, ಅಮ್ಮ, ಕಾಕಾ ಎಲ್ಲರೂ ಒಂದು ಪುಸ್ತಕ ಎತ್ತಿ, ನಾಲ್ಕು ಹಾಳೆ ತಿರುವಿ, ಕೇಳುವುದು ಇಷ್ಟೇ: “ಈ ಕಥಿ ಟಿವಿಯೊಳಗ ಬಂದದ್ದೇ ಐತಲ್ರೀ, ಯಾರು ಯಾರದನ್ನ ಕಾಪಿ ಹೊಡದಾರ?” ಹೇಳಿ ಹೇಳಿ ಸಾಕಾಗಿದೆ, ಬರೆದೇ ಇಡುತ್ತೇನೆ.

ಹೋಲಿಕೆ ಇದೆ, ನಿಜ. ಅಮ್ಮನಿಗೆ ಹೇಳದೆ ಗೆಳೆಯರನ್ನೆಲ್ಲ ಮನೆಗೆ ಕರೆಯುವುದು. ಒಡೆದ ಸಾಮಾನು ಮುಚ್ಚಿಡಲು ಒಂದು ಸುಳ್ಳು, ಆ ಸುಳ್ಳು ಉಳಿಸಲು ಇನ್ನೊಂದು. ತನ್ನ ಹುಟ್ಟುಹಬ್ಬ ಎಲ್ಲರೂ ಮರೆತರು ಎಂದು ಮುನಿಸು, ನೋಡಿದರೆ ಒಳಗೆ ಕೇಕ್ ರೆಡಿ. ಶಾಲೆಯ ಚುನಾವಣೆಗೆ ಜೀವದ ಗೆಳತಿಯರೇ ಎದುರಾಬದುರು ನಿಲ್ಲುವುದು. ಅವೇ ಪಾತ್ರಗಳು ಪುಸ್ತಕದಿಂದ ಪುಸ್ತಕಕ್ಕೆ ಬರುವ ಮಕ್ಕಳ ಸರಣಿಗಳಲ್ಲೂ ಇವೇ, ಟಿವಿಯ ಹಾಸ್ಯ ಧಾರಾವಾಹಿಗಳಲ್ಲೂ ಇವೇ. ಯಾಕೆಂದರೆ ಎರಡರ ಕಟ್ಟುಪಾಡು ಒಂದೇ. ಅದೇ ಮನೆ, ಅದೇ ಐದಾರು ಜನ. ಯಾರೂ ಊರು ಬಿಡುವ ಹಾಗಿಲ್ಲ, ಯಾರಿಗೂ ಜಾಸ್ತಿ ಬುದ್ಧಿ ಬರುವ ಹಾಗೂ ಇಲ್ಲ. ಅಮೆರಿಕದ ಅರ್ಧ ತಾಸಿನ ಧಾರಾವಾಹಿಯಲ್ಲಿ ಜಾಹೀರಾತು ಕಳೆದರೆ ಕೈಗೆ ಸಿಗುವುದು ಸುಮಾರು 22 ನಿಮಿಷ, ಅಷ್ಟರಲ್ಲೇ ಗದ್ದಲ ಎಬ್ಬಿಸಿ, ಆರಿಸಿ, ಎಲ್ಲರನ್ನೂ ಮೊದಲಿದ್ದ ಜಾಗಕ್ಕೆ ತಂದು ಕೂರಿಸಬೇಕು. ನಮ್ಮ ‘ಪಾಪ ಪಾಂಡು’ ನೆನಪಿದೆಯಲ್ಲ? ಇವತ್ತು ಶ್ರೀಮತಿ ಪಾಂಡುವಿಗೆ ಎಷ್ಟೇ ಬಾರಿಸಲಿ, ನಾಳೆ ಮತ್ತೆ ಅದೇ ಮನೆ, ಅದೇ ಗಂಡ ಹೆಂಡತಿ.

ಪುಸ್ತಕದ ಕಡೆಯೂ ಹಾಗೇ. 1930ರಲ್ಲಿ ಅಮೆರಿಕದಲ್ಲಿ ಶುರುವಾದ, ಪತ್ತೇದಾರಿ ಹುಡುಗಿ ನ್ಯಾನ್ಸಿ ಡ್ರೂಳ ಪುಸ್ತಕಗಳ ಮೇಲೆ ಕ್ಯಾರೊಲಿನ್ ಕೀನ್ ಎಂಬ ಹೆಸರಿದೆ. ಅಂಥ ಒಬ್ಬ ಲೇಖಕಿ ಇರಲೇ ಇಲ್ಲ. ಸ್ಟ್ರಾಟೆಮೆಯರ್ ಸಿಂಡಿಕೇಟ್ ಎಂಬ ಸಂಸ್ಥೆ ಕಥೆಯ ಹಂದರ ಕೊಡುತ್ತಿತ್ತು, ಬೇರೆ ಬೇರೆಯವರು ಹಣ ಪಡೆದು ಬರೆದುಕೊಡುತ್ತಿದ್ದರು. 1986ರಲ್ಲಿ ಶುರುವಾದ ‘ಬೇಬಿ ಸಿಟರ್ಸ್ ಕ್ಲಬ್’ ಸರಣಿಯಲ್ಲಿ ಅಕ್ಕಪಕ್ಕದ ಮನೆಯ ಮಕ್ಕಳನ್ನು ನೋಡಿಕೊಳ್ಳುವ ಹುಡುಗಿಯರು 7ನೇ ತರಗತಿಯಿಂದ 8ಕ್ಕೆ ಬಂದರು, ಆಮೇಲೆ ಅಲ್ಲೇ ಉಳಿದರು. ಬೇಸಿಗೆ ರಜೆ ಮೇಲೆ ಬೇಸಿಗೆ ರಜೆ ಬಂತು, ತರಗತಿ ಮಾತ್ರ ಬದಲಾಗಲಿಲ್ಲ. ತಿಂಗಳು ತಿಂಗಳು ಹೊಸ ಪುಸ್ತಕ ಬೇಕು, ಪಾತ್ರಗಳು ಮಾತ್ರ ಬದಲಾಗಬಾರದು ಎಂದರೆ ಎಲ್ಲರೂ ಅದೇ ಹತ್ತಿಪ್ಪತ್ತು ಪೇಚುಗಳಿಗೆ ಕೈ ಹಾಕಲೇಬೇಕು. ಅದಕ್ಕೆ ಕಳ್ಳರು ಬೇಕಿಲ್ಲ.

ಇಷ್ಟನ್ನೂ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮ ಸಂಬಂಧದ ಮಾಮಾ ಒಬ್ಬರಿಗೆ ಹೇಳಿದೆ. ಮೊಮ್ಮಗಳು ಪಕ್ಕದಲ್ಲೇ ಕೂತಿದ್ದಳು. ಅವರು ಹೋಳಿಗೆ ಮುರಿಯುತ್ತಾ, “ಹಂಗಾದ್ರ ಟಿವಿ ನೋಡಿದ್ರ ಆತಲ್ಲವಾ, ಗೊತ್ತಿದ್ದ ಕಥಿ ಮತ್ತ ಯಾಕ ಓದಬೇಕು?” ಎಂದರು. ನನಗೆ ಸಿಟ್ಟು ಬಂತು. ಯಾಕೆಂದರೆ ಇದೇ ಮಾಮಾ ಜಾತ್ರೆಯಲ್ಲಿ ಶ್ರೀಕೃಷ್ಣ ಪಾರಿಜಾತ ಇದ್ದರೆ ಬೆಳಗಿನ ತನಕ ಏಳುವವರಲ್ಲ. ಕುಲಗೋಡ ತಮ್ಮಣ್ಣ ನಮ್ಮ ಸೀಮೆಯ ಊರೂರಿಗೆ ತಲುಪಿಸಿದ ಆಟ ಅದು. ನಾರದ ಹೂವು ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಸಿಟ್ಟಾಗುತ್ತಾಳೆ. ನೋಡಲು ಕೂತ ಯಾರಿಗೆ ಗೊತ್ತಿಲ್ಲ? ಆದರೂ ಈ ಸಲದ ಭಾಮೆ ಹೇಗೆ ಮುನಿಯುತ್ತಾಳೆ, ಭಾಗವತ ಅವಳನ್ನು ಹೇಗೆ ಮಾತಿಗೆಳೆಯುತ್ತಾನೆ ಎಂದು ನೋಡಲು ಜನ ಚಳಿಯಲ್ಲಿ ಕಂಬಳಿ ಹೊದ್ದು ಕೂರುತ್ತಾರೆ. “ಮಾಮಾ, ನಿಮಗ ಅದು ಬೇಕು, ಹುಡುಗಿಗೆ ಇದು ಬ್ಯಾಡ ಏನ್ರಿ?” ಎಂದು ಎಲ್ಲರ ಎದುರೇ ಕೇಳಿದೆ. ಅವರು ಮಜ್ಜಿಗೆ ಹಾಕಿಸಿಕೊಂಡರು. ಹಿರಿಯರಿಗೆ ಹಾಗೆ ಮಾತಾಡಬಾರದು ಎಂದು ಅಮ್ಮ ಬೈದಳು. ಮಕ್ಕಳ ಓದಿನ ವಿಷಯಕ್ಕೆ ನಾನು ಹಾಗೇ ಮಾತಾಡುವವಳು.

ನನಗೆ ಬೇಕಾದ ಪ್ರಶ್ನೆ ಬೇರೆ, ಅದನ್ನು ಯಾರೂ ಕೇಳುವುದಿಲ್ಲ. ಈ ಪುಸ್ತಕದಲ್ಲಿ ಆದದ್ದು ಮುಂದಿನ ಪುಸ್ತಕದಲ್ಲಿ ಯಾರಿಗಾದರೂ ನೆನಪಿರುತ್ತದಾ?

ಅಮೆರಿಕದ ಲೇಖಕಿ ಬೆವರ್ಲಿ ಕ್ಲಿಯರಿ ಬರೆದ, ರಮೋನಾ ಎಂಬ ತುಂಟ ಹುಡುಗಿಯ ಪುಸ್ತಕಗಳನ್ನು ನೋಡಿ. 1955ರ ‘ಬೀಜಸ್ ಅಂಡ್ ರಮೋನಾ’ದಲ್ಲಿ ನಾಲ್ಕು ವರ್ಷದ ರಮೋನಾ ಅಮ್ಮನಿಗೆ ಹೇಳದೆ ಮಕ್ಕಳನ್ನು ಪಾರ್ಟಿಗೆ ಕರೆಯುತ್ತಾಳೆ. ಸೇಬಿನ ಪೆಟ್ಟಿಗೆ ಮುಂದೆ ಕೂತು ಒಂದೊಂದು ಸೇಬನ್ನೂ ಒಂದೇ ಸಲ ಕಚ್ಚಿ ಇಡುತ್ತಾಳೆ, ಮೊದಲ ತುತ್ತೇ ಜಾಸ್ತಿ ರುಚಿಯಂತೆ! ಇಲ್ಲಿಯವರೆಗೆ ಟಿವಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಆದರೆ 1977ರ ‘ರಮೋನಾ ಅಂಡ್ ಹರ್ ಫಾದರ್’ನಲ್ಲಿ ಅಪ್ಪನ ಕೆಲಸ ಹೋಗುತ್ತದೆ. ಧಾರಾವಾಹಿಯಾಗಿದ್ದರೆ ಅದೇ ದಿನ ಸಂಜೆಗೆ ಹೊಸ ಕೆಲಸ ಸಿಗುತ್ತಿತ್ತು. ಇಲ್ಲಿ ಪುಸ್ತಕ ಪೂರ್ತಿ ಮನೆಯಲ್ಲಿ ಆ ಬಿಗು ಇರುತ್ತದೆ. ಕೊನೆಗೆ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಮಾಡುವ ಕೆಲಸ ಸಿಗುತ್ತದೆ. ಮುಂದಿನ ಪುಸ್ತಕದಲ್ಲಿ ಆ ಕೆಲಸ ಅವನಿಗೆ ಹಿಡಿಸಿಲ್ಲ. 1981ರ ಪುಸ್ತಕದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಬೇಕೆಂದು ಮತ್ತೆ ಕಾಲೇಜಿಗೆ ಹೋಗುತ್ತಿರುತ್ತಾನೆ, ಮನೆಯಲ್ಲಿ ದುಡ್ಡು ಕಮ್ಮಿ. ಒಂದು ಮನೆಯ ಕಷ್ಟ ಮೂರು ಪುಸ್ತಕ ದಾಟಿ ಬರುತ್ತದೆ. 1999ರ ಕೊನೆಯ ಪುಸ್ತಕದ ಹೊತ್ತಿಗೆ ರಮೋನಾಗೆ ಹತ್ತು ತುಂಬುತ್ತದೆ. 44 ವರ್ಷದಲ್ಲಿ ಆರು ವರ್ಷ ಬೆಳೆದಳು, ಆದರೆ ಬೆಳೆದಳು.

ಮಗ್ಗ ನಿಂತ ಮನೆ, ಮಳೆ ಇಲ್ಲದ ವರ್ಷದ ಒಕ್ಕಲುತನದ ಮನೆ, ಅಪ್ಪ ಕೆಲಸ ಹುಡುಕಿ ಗೋವಾಕ್ಕೋ ಪುಣೆಗೋ ಹೋದ ಮನೆ, ಇಂಥ ಮನೆಗಳಿಂದಲೂ ನನ್ನ ಕೋಣೆಗೆ ಮಕ್ಕಳು ಬರುತ್ತಾರೆ. ಮುಂದಿನ ವಾರಕ್ಕೆ ಎಲ್ಲ ಸರಿಹೋಗುವ ಕಥೆಯೂ ಅವರಿಗೆ ಬೇಕು, ನಗಲಿ. ಸರಿಹೋಗಲು ಮೂರು ಪುಸ್ತಕ ಹಿಡಿಯುವ ಕಥೆಯೂ ಬೇಕು. ಕಾಪಿ ಕಾಪಿ ಎನ್ನುವವರು ಈ ಎರಡನೇದನ್ನು ತೆರೆದೇ ನೋಡಿರುವುದಿಲ್ಲ.

ಆದ್ದರಿಂದ ನಮ್ಮ ಮನೆಗೆ ಬಂದರೆ ಯಾರು ಕದ್ದರು ಎಂದು ಕೇಳಬೇಡಿ. ನಿಮ್ಮ ಮಗಳಿಗೆ ಯಾವುದರಿಂದ ಶುರು ಮಾಡಿಸಲಿ ಎಂದು ಕೇಳಿ. ಸಣ್ಣವಳಾದರೆ ಪಕ್ಕದಲ್ಲಿ ಕೂತು ನೀವೇ ಸೇಬಿನ ಕಥೆ ಓದಿ ಹೇಳಿ. ಇಂಗ್ಲಿಷ್ ತಾನೇ ಓದಿಕೊಳ್ಳುವಷ್ಟು ದೊಡ್ಡವಳಾದರೆ ಸೀದಾ ಅಪ್ಪನ ಪುಸ್ತಕ ಕೊಡುತ್ತೇನೆ, ಮುಂದಿನವು ಅದೇ ಸಾಲಿನಲ್ಲಿವೆ.